ಫ್ರಿಜ್ಜಿನಲ್ಲಿಟ್ಟ ಹೂಗುಚ್ಛ

ಹೂಗುಚ್ಛ ಎರಡನೇ ಸಲ ಫ್ರಿಜ್ಜಿಗೆ ವಾಪಸಾಯಿತು. ಟೆನಿಸ್ ಕ್ಲಬ್ಬಿನ ಅಧ್ಯಕ್ಷ ಬ್ರುಗ್ಗೆಮಾನ್ ಆಲೂಗಡ್ಡೆ ಸಲಾಡಿನ ಬಕೆಟ್ಟನ್ನು ಪಕ್ಕಕ್ಕೆ ಸರಿಸಿ, ಹೂವಿಗೆ ಜಾಗ ಮಾಡಿ, ಬಾಗಿಲು ಹಾಕಿದ. ಬೀಳ್ಕೊಡುಗೆಯ ಭಾಷಣವೂ ಅವನ ಬಾಯಲ್ಲೇ ಉಳಿಯಿತು. ವೀಬ್ಕೆ ಹಾರ್ಮ್‌ಸೆನ್ ಮತ್ತೆ ಗೆದ್ದಿದ್ದಳು.

ಇದನ್ನು ಯಾರೂ ಎಣಿಸಿರಲಿಲ್ಲ. ವೀಬ್ಕೆ ಅದೇ ಊರಿನವಳು. ಮೂವತ್ನಾಲ್ಕು ವಯಸ್ಸು, ಒಂದೇ ಮೊಣಕಾಲಿಗೆ ಎರಡು ಆಪರೇಷನ್ ಆಗಿದ್ದವು. ಒಂದು ಕಾಲದಲ್ಲಿ ಪ್ಯಾರಿಸ್ಸಿನ ದೊಡ್ಡ ಟೂರ್ನಮೆಂಟಿನವರೆಗೆ ಹೋಗಿ ಮೊದಲ ದಿನವೇ ಸೋತು ಬಂದಿದ್ದಳು; ಊರಿನಲ್ಲಿ ಈಗಲೂ ಅದನ್ನೇ ಹೇಳುತ್ತಾರೆ. ಆಟ ಬಿಡುತ್ತಾಳಂತೆ ಎಂದು ಗೊತ್ತಾದಾಗ ಕ್ಲಬ್ಬಿನವರು ತಮ್ಮ ಟೂರ್ನಮೆಂಟಿನಲ್ಲಿ ಮರ್ಯಾದೆಗೆ ಅವಳಿಗೊಂದು ಜಾಗ ಕೊಟ್ಟಿದ್ದರು. ಮೊದಲ ಸುತ್ತಿನಲ್ಲಿ ಅವಳು ಸೋಲುವುದು, ಹೂ ತೆಗೆದುಕೊಳ್ಳುವುದು, ಎಲ್ಲರೂ ಸಾಸೇಜ್ ತಿಂದು ಮನೆಗೆ ಹೋಗುವುದು, ಇಷ್ಟೇ ಏರ್ಪಾಡು.

ಮೂರನೇ ಪಂದ್ಯದ ಬೆಳಿಗ್ಗೆ ಅವಳು ಕಾರಿನ ಡಿಕ್ಕಿಯ ಮೇಲೆ ಕೂತು ಮೊಣಕಾಲಿಗೆ ಪಟ್ಟಿ ಸುತ್ತುತ್ತಿದ್ದಳು. ಪಕ್ಕದಲ್ಲಿ ಡೆಟ್ಲೆಫ್ ಬನ್ನು ತಿನ್ನುತ್ತ ನಿಂತಿದ್ದ. ಅವಳ ಹದಿನಾರನೇ ವಯಸ್ಸಿನಿಂದ ಅವನೇ ಕೋಚ್.

"ಇವತ್ತು ಆ ಮೆಲಿಕೇನ ಸೋಲಿಸಿದ್ರೆ ನಾನು ಆಟ ಬಿಡಲ್ಲ," ಅಂದಳು ವೀಬ್ಕೆ. "ಇನ್ನೊಂದು ವರ್ಷ ಆಡ್ತೀನಿ. ಯಾರಿಗೂ ಹೇಳ್ಬೇಡ."

ಡೆಟ್ಲೆಫ್ ಬಾಯಲ್ಲಿದ್ದದ್ದನ್ನು ಪೂರ್ತಿ ಅಗಿದು ನುಂಗಿದ. "ಹೂವು ಅಷ್ಟು ದಿನ ಬಾಳಲ್ಲ," ಅಂದ.

ಮೆಲಿಕೆಗೆ ಇಪ್ಪತ್ತು ವರ್ಷ. ಗೆಲ್ಸೆನ್‌ಕಿರ್ಶೆನ್‌ನ ಹುಡುಗಿ, ಮುಂದಿನ ವರ್ಷ ಇಂಥ ಸಣ್ಣ ಊರುಗಳ ಕಡೆ ತಲೆ ಹಾಕುವವಳಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಮೊದಲ ಸೆಟ್ಟನ್ನು ಬೇಗ ಗೆದ್ದು ಮುಗಿಸಿಬಿಟ್ಟಳು. ಎರಡನೆಯದರಲ್ಲಿ ವೀಬ್ಕೆಯ ಒಂದು ಹೊಡೆತ ಗೆರೆಯ ಹತ್ತಿರ ಬಿತ್ತು. ಅಂಪೈರ್ ಔಟ್ ಅಂದ. ಮೆಲಿಕೆ ಹೋಗಿ, ಮಣ್ಣಿನ ಮೇಲೆ ಚೆಂಡು ಬಿಟ್ಟ ಗುರುತನ್ನು ಬಗ್ಗಿ ನೋಡಿ, ಬಲಗಾಲಿನಿಂದ ಉಜ್ಜಿ ಅಳಿಸಿದಳು. ಮಣ್ಣಿನ ಕೋರ್ಟಿನಲ್ಲಿ ಹಾಗೆ ಅಳಿಸಿದರೆ ಚೆಂಡು ಒಳಗಿತ್ತು, ಪಾಯಿಂಟ್ ನಿನ್ನದು ಎಂದು ಒಪ್ಪಿಕೊಂಡ ಹಾಗೆ. ಅಂಪೈರ್ ಕೆಳಗಿಳಿದು ನೋಡುವ ಪ್ರಮೇಯವೇ ಇಲ್ಲ. ಜನ ಚಪ್ಪಾಳೆ ತಟ್ಟಿದರು. ಸ್ವಲ್ಪ ಹೊತ್ತಿಗೆ ಮತ್ತೊಂದು ಗುರುತು ಅಳಿಸಿದಳು. ಆಮೇಲೆ ಇನ್ನೊಂದು. ಹುಡುಗಿಯನ್ನು ಚೆನ್ನಾಗಿ ಬೆಳೆಸಿದ್ದಾರೆ ಎಂದು ಬ್ರುಗ್ಗೆಮಾನ್ ಪಕ್ಕದವರಿಗೆ ಹೇಳಿದ. ಎರಡನೇ ಸೆಟ್ ವೀಬ್ಕೆಯದಾಯಿತು.

ಮೂರನೆಯದರಲ್ಲಿ ವೀಬ್ಕೆಗೆ ಕಾಲು ನೋಯುವುದೇ ನಿಂತುಹೋಗಿತ್ತು. ಐದಕ್ಕೆ ನಾಲ್ಕು ಗೇಮಿನಿಂದ ಅವಳೇ ಮುಂದೆ, ಗೆಲ್ಲಲು ಇನ್ನೊಂದೇ ಪಾಯಿಂಟ್. ಗೆರೆಗುಂಟ ಬ್ಯಾಕ್‌ಹ್ಯಾಂಡ್ ಬೀಸಿದಳು. ಚೆಂಡು ರ್ಯಾಕೆಟ್ ಬಿಡುವಾಗಲೇ ಗೆರೆ ದಾಟಿ ಬೀಳುತ್ತದೆಂದು ಕೈಗೆ ತಿಳಿಯಿತು. ಅಂಪೈರ್ ಔಟ್ ಅಂದ. ಮೆಲಿಕೆ ಗುರುತಿನ ಕಡೆ ನಡೆದಳು. ಬಗ್ಗಲೂ ಇಲ್ಲ, ನೇರ ಕಾಲೆತ್ತಿದಳು.

"ಉಜ್ಜಬೇಡ," ಅಂದಳು ವೀಬ್ಕೆ.

ನೆಟ್ಟಿನ ಪಕ್ಕದಿಂದ ಆಚೆ ಬದಿಗೆ ದಾಟಿದಳು. ಹಾಗೆ ದಾಟುವಂತಿಲ್ಲ, ಅಂಪೈರ್ ಮೈಕಿನಲ್ಲಿ ಎಚ್ಚರಿಕೆ ಕೊಟ್ಟ. ಗುರುತು ಸ್ಪಷ್ಟವಾಗಿತ್ತು. ಗೆರೆಗೂ ಅದಕ್ಕೂ ನಡುವೆ ಒಂದು ಅಂಗೈಯನ್ನು ಆರಾಮಾಗಿ ಇಡಬಹುದಿತ್ತು.

"ಇದು ಒಳಗಾ?"

ಮೆಲಿಕೆ ಜನರ ಕಡೆ ಬೆನ್ನು ಮಾಡಿದಳು. "ಗೆದ್ದು ಹೋಗಿ ಅಂತ," ಅಂದಳು ಮೆತ್ತಗೆ. "ನಂಗೆ ಇಂಥ ಪಂದ್ಯ ವಾರಕ್ಕೊಂದಿದೆ. ನಿಮಗೆ ಇದೇ ಕೊನೇದಲ್ವಾ."

"ಇದಕ್ಕೆ ಮುಂಚೆ ಎಷ್ಟು ಕೊಟ್ಟೆ?"

"ಲೆಕ್ಕ ಇಟ್ಟಿಲ್ಲ." ಹುಡುಗಿ ನಿಜವಾಗಿಯೂ ನೆನಪಿಸಿಕೊಳ್ಳಲು ನೋಡುತ್ತಿದ್ದಳು.

ವೀಬ್ಕೆ ಅಂಪೈರ್ ಕಡೆ ತಿರುಗಿ ಚೆಂಡು ಹೊರಗಿತ್ತು ಅಂದಳು. ತನ್ನ ಬದಿಗೆ ವಾಪಸು ಹೋಗುವ ಮುಂಚೆ ಮೆಲಿಕೆಗೆ, "ಇನ್ನು ಆಡು," ಅಂದಳು.

ಮೆಲಿಕೆ ಆಡಿದಳು. ಹೆಚ್ಚು ಹೊತ್ತು ಹಿಡಿಯಲಿಲ್ಲ. ಆ ಗೇಮ್ ಹೋಯಿತು, ಅದರ ಮುಂದಿನದೂ ಹೋಯಿತು. ಕೊನೆಯ ಗೇಮಿನಲ್ಲಿ ವೀಬ್ಕೆ ಚೆಂಡನ್ನು ಮುಟ್ಟಿದ್ದೇ ಅಪರೂಪ. ಅಂಪೈರ್ ಪಂದ್ಯ ಮುಗಿಯಿತೆಂದು ಸಾರುವ ಹೊತ್ತಿಗಾಗಲೇ ಬ್ರುಗ್ಗೆಮಾನ್ ಅಡುಗೆಮನೆ ಕಡೆ ಹೊರಟಿದ್ದ.

ಹೂಗುಚ್ಛ ಮಂಜುಗಡ್ಡೆಯ ಹಾಗೆ ತಣ್ಣಗಿತ್ತು, ಈರುಳ್ಳಿ ವಾಸನೆ ಬರುತ್ತಿತ್ತು. ಬ್ರುಗ್ಗೆಮಾನ್ ಮೂರು ದಿನದ ಭಾಷಣವನ್ನು ಒಟ್ಟಿಗೆ ಮಾಡಿದ. ಇವತ್ತಿನ ಆಟ ನೋಡಿದವರು ಇವಳು ಇನ್ನೊಂದು ವರ್ಷ ಆಡಬಹುದಿತ್ತು ಎಂದು ಒಪ್ಪುತ್ತಾರೆ ಅಂದ. ಜನ ಎದ್ದು ನಿಂತರು. ಡೆಟ್ಲೆಫ್ ತಲೆ ಬಗ್ಗಿಸಿಕೊಂಡು ಬ್ಯಾಗಿನ ಜಿಪ್ ಎಳೆಯುತ್ತಿದ್ದ.

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದವಳು ಮೆಲಿಕೆ. ವೀಬ್ಕೆ ಅವಳ ಕಾಲಿನ ಕಡೆ ನೋಡಿದಳು. ಎಡಗಾಲಿನ ಬಿಳಿ ಶೂಗೆ ಎಲ್ಲರ ಶೂಗಿದ್ದಷ್ಟೇ ಧೂಳು. ಬಲಗಾಲಿನದಕ್ಕೆ ಮಾತ್ರ ತುದಿಯಿಂದ ಲೇಸಿನವರೆಗೂ ಕೆಂಪು ಮಣ್ಣು ಮೆತ್ತಿಕೊಂಡಿತ್ತು.