ಸರೋಜವ್ವನ ಹನಿ ಔಷಧ

ಡಾಕ್ಟರ್ ಶ್ರೀಪಾದರಾಯರು ಸರೋಜವ್ವನ ಬಲಗಣ್ಣಿಗೆ ಟಾರ್ಚ್ ಹಿಡಿದು ಬಹಳ ಹೊತ್ತು ಮಾತಾಡಲಿಲ್ಲ. ಸವಣೂರಿನಲ್ಲಿ ಡಾಕ್ಟರು ಮಾತಾಡದಿದ್ದರೆ ಒಂದೋ ರೋಗ ಗೊತ್ತಾಗಿಲ್ಲ, ಇಲ್ಲವೇ ಗೊತ್ತಾಗಿದೆ. ಗೊತ್ತಾಗಿದೆ ಎಂದೇ ಸರೋಜವ್ವನಿಗೆ ಅನಿಸಿತು. ಎಡಗಣ್ಣನ್ನು ಚಿಕ್ಕಂದಿನಲ್ಲೇ ಸಿಡುಬು ತಿಂದುಹಾಕಿತ್ತು. ವೀಳ್ಯದೆಲೆ ಆರಿಸಿ ಕಟ್ಟು ಕಟ್ಟಿ ಮಾರುವ ಅವಳ ಬದುಕು ನಡೆದದ್ದೇ ಉಳಿದ ಈ ಒಂದು ಕಣ್ಣಿನ ಮೇಲೆ.

“ಹುಣ್ಣು ಇಳೀಬೇಕಾಗಿತ್ತು, ಬೆಳದದ. ನಾ ಕೊಟ್ಟ ಔಷಧ ತಾಸಿಗೊಂದು ಹನಿ ಹಾಕ್ಕೊಂಡೀರೇನು?”

“ಉಳದಾಗ ಹಾಕ್ಕೊಂಡೇನ್ರಿ.”

“ಉಳದಾಗ ಅಂದ್ರ?”

ಸರೋಜವ್ವ ಮುಚ್ಚುಮರೆ ಗೊತ್ತಿಲ್ಲದ ಹೆಂಗಸು. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಸ್ವಲ್ಪ ಹೆಮ್ಮೆಯಿಂದಲೇ. ಎಂಬತ್ಮೂರನೇ ಇಸವಿಯ ಆ ಬೇಸಿಗೆಯಲ್ಲಿ ಊರಿಗೆ ಊರೇ ಕಣ್ಣುಬೇನೆಯಿಂದ ಕೆಂಪಾಗಿತ್ತು. ಪಕ್ಕದ ಮನೆಯ ಜನ್ನತಬಿ ಮೊಮ್ಮಗನನ್ನು ಎತ್ತಿಕೊಂಡು ಬಂದು, “ಅಕ್ಕಾರ, ನಿಮ್ಮ ಔಷಧ ಒಂದೀಟು ಹಾಕ್ರಿ” ಎಂದಾಗ ಇಲ್ಲವೆನ್ನಲು ಅವಳಿಗೆ ನಾಲಿಗೆ ಏಳಲಿಲ್ಲ. ಕೆಲವೇ ದಿನಗಳಲ್ಲಿ ಹುಡುಗನ ಕಣ್ಣು ತಿಳಿಯಾಯಿತು. ಜನ್ನತಬಿಯ ಬಾಯಿಗೆ ಬಿದ್ದ ಸುದ್ದಿಗೆ ಬೇರೆ ಡಂಗುರ ಬೇಕಿಲ್ಲ. ಸರೋಜವ್ವನ ಕೈಗುಣ ದೊಡ್ಡದು ಎಂದಾಯಿತು. ಬೆಳಗಾದರೆ ಮನೆಯ ಕಟ್ಟೆ ತುಂಬ ಜನ, ಬಂಕಾಪುರದಿಂದ ಬಸ್ಸು ಹತ್ತಿ ಬಂದವರೂ ಇದ್ದರು. ತಾನು ಉಂಡು ಮಿಕ್ಕಿದ್ದನ್ನು ದಾನ ಮಾಡುವವರಿದ್ದಾರೆ. ಸರೋಜವ್ವ ದಾನ ಮಾಡಿ ಮಿಕ್ಕಿದ್ದನ್ನು ತಾನು ಹಾಕಿಕೊಂಡಳು. ಬೆಳಿಗ್ಗೆ ಒಂದು ಹನಿ, ನೆನಪಾದರೆ ಸಂಜೆ ಒಂದು. ಶೀಶೆ ಬರಿದಾದರೆ ಹೊಸದು ಬರುವ ತನಕ ಅದೂ ಇಲ್ಲ.

“ಛಲೋ ಮಾಡೀರಿ. ಊರಿಗೆ ಉಪಕಾರಿ, ಕಣ್ಣಿಗೆ ಮಾರಿ,” ಎಂದರು ಡಾಕ್ಟರು. “ಈಗ ಈ ಔಷಧ ನಿಮಗ ನಾಟೂದಿಲ್ಲ.”

“ಔಷಧ ಕೆಟ್ಟೈತೇನ್ರಿ?”

“ಔಷಧ ಹಂಗ ಅದ. ಹುಳಾ ಬದಲಾಗ್ಯಾವ. ವೈರಸ್ ಅಂತ, ಕಣ್ಣಿಗೆ ಕಾಣದ ಹುಳಾ. ಮರಿ ಮ್ಯಾಲ ಮರಿ ಹಾಕ್ತಾವ. ಅದರಾಗ ಎಲ್ಲೋ ಒಂದು ಬ್ಯಾರೆ ಥರ ಹುಟ್ತದ, ಅದಕ್ಕ ಔಷಧ ತಾಗೂದಿಲ್ಲ. ತಾಸತಾಸಿಗೆ ಹನಿ ಬಿದ್ದಿದ್ರ ಅವಕ್ಕ ಮರಿ ಹಾಕ್ಲಿಕ್ಕೆ ಪುರಸತ್ತೇ ಇರ್ತಿರಲಿಲ್ಲ. ನೀವು ಹೊತ್ತಿಗೊಂದು ಹನಿ ಹಾಕಿದ್ರಿ. ಸಾಯೂವು ಸತ್ತವು. ತಡಕೊಳ್ಳೂವು ಉಳದು, ತಿಂಗಳಗಟ್ಟಲೆ ಸಂಸಾರ ಬೆಳಸ್ಯಾವ.”

“ನನ್ನ ಕಣ್ಣಾಗ, ಬಾಡಿಗಿ ಇಲ್ಲದ,” ಎಂದಳು ಸರೋಜವ್ವ. ಡಾಕ್ಟರು ನಗಲಿಲ್ಲ. ಅವಳು ಮತ್ತೆ ಕೇಳಿದಳು, “ಮಂದೀಗೆಲ್ಲಾ ಹೆಂಗ ನಾಟಿತ್ರಿ ಮತ್ತ?”

“ಅವರ ಬ್ಯಾನಿ ಬ್ಯಾರೆ, ನಿಮ್ಮದ ಬ್ಯಾರೆ. ಅವರದು ತಾನ ಬಂದು ವಾರದಾಗ ತಾನ ಹೋಗ್ತದ. ಅದಕ್ಕ ನಿಮ್ಮ ಔಷಧ ಏನೂ ಮಾಡೂದಿಲ್ಲ. ಕಾಸಿ ಆರಿಸಿದ ನೀರು ಹಾಕಿದ್ರೂ ಅಷ್ಟ ಆಗ್ತಿತ್ತು.”

ಸರೋಜವ್ವನಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು. ಸಿಟ್ಟು ಯಾರ ಮೇಲೆ ಎಂಬುದು ಮಾತ್ರ ತಿಳಿಯಲಿಲ್ಲ. ಬೇಡಿದವರು ಕಣ್ಣುರಿಯಿಂದ ಬೇಡಿದ್ದರು, ಕೊಟ್ಟವಳು ಒಳ್ಳೆಯ ಮನಸ್ಸಿನಿಂದ ಕೊಟ್ಟಿದ್ದಳು. ಬೈಯಲು ಉಳಿದದ್ದು ಆ ಹುಳಗಳು. ಅವು ಬೈಗುಳಕ್ಕೆ ಬಗ್ಗುವ ಜಾತಿಯಲ್ಲ.

ಡಾಕ್ಟರು ಮುಂಬಯಿಯಿಂದ ಬೇರೆಯೇ ಒಂದು ಹೊಸ ಮುಲಾಮು ತರಿಸಿಕೊಟ್ಟರು. “ಹೊತ್ತು ತಪ್ಪಿಸಬ್ಯಾಡ್ರಿ. ಶಿವಾನ ಬಂದು ಕೇಳಿದ್ರೂ ಕೊಡಬ್ಯಾಡ್ರಿ” ಎಂದರು. ಸರೋಜವ್ವ ಎರಡನ್ನೂ ಪಾಲಿಸಿದಳು. ಮಳೆಗಾಲ ಮುಗಿಯುವಷ್ಟರಲ್ಲಿ ಹುಣ್ಣು ಮಾಯಿತು. ಆದರೆ ಕಣ್ಣಿನ ನಡುಮಧ್ಯೆ ಬಿಳಿ ಕಲೆ ಉಳಿಯಿತು. ಹೊಸ ಔಷಧ ಹುಳವನ್ನು ಕೊಲ್ಲಬಲ್ಲದೇ ಹೊರತು ಹುಳ ತಿಂದದ್ದನ್ನು ಮರಳಿ ಕೊಡಲಾರದು ಎಂದರು ಡಾಕ್ಟರು. ಎದುರಿಗೆ ಕುಳಿತವರು ಈಗ ಅವಳಿಗೆ ಬರಿಯ ನೆರಳು. ಎಲೆಗಳನ್ನು ಬೆರಳಲ್ಲಿ ಸವರಿ ಎಳೆಯದು, ಬಲಿತದ್ದು ಬೇರೆ ಮಾಡುತ್ತಿದ್ದಳು. ಕೊಳೆತ ಎಲೆ ಒಂದೊಂದು ಕಟ್ಟಿನಲ್ಲಿ ಸೇರಿಬಿಡುತ್ತಿತ್ತು, ಗಿರಾಕಿಗಳು ಗೊಣಗುತ್ತಿದ್ದರು.

ಕಟ್ಟೆಯ ಮೇಲಿನ ಜನ ಮಾತ್ರ ಕಡಿಮೆಯಾಗಲಿಲ್ಲ. “ಔಷಧ ಇಲ್ರವಾ” ಎಂದರೆ ಯಾರೂ ನಂಬಲಿಲ್ಲ. ಕೈಗುಣ ಬಂತು, ಹಿಂದಿನಿಂದ ಸೊಕ್ಕೂ ಬಂತು ಎಂದು ಆಡಿಕೊಂಡರು. ಸರೋಜವ್ವನಿಗೆ ಕಣ್ಣು ಹೋದದ್ದಕ್ಕಿಂತ ಈ ಮಾತು ಹೆಚ್ಚು ನಟ್ಟಿತು. ಒಂದು ದಿನ ಒಲೆಯ ಮೇಲೆ ನೀರು ಕುದಿಸಿ, ಆರಿಸಿ, ತೊಳೆದ ಹೊಸ ಶೀಶೆಯಲ್ಲಿ ತುಂಬಿದಳು.

ಅಂದು ಮೊದಲು ಬಂದವಳು ಜನ್ನತಬಿ. ಈ ಸಲ ಅವಳದೇ ಎರಡೂ ಕಣ್ಣು ಕೆಂಡ. ರೆಪ್ಪೆಯನ್ನು ಅವಳೇ ಹಿಡಿದುಕೊಳ್ಳಬೇಕಾಯಿತು, ಸರೋಜವ್ವ ತಡವರಿಸಿ ಹನಿ ಬಿಟ್ಟಳು. ವಾರ ಕಳೆಯುವುದರೊಳಗೆ ಜನ್ನತಬಿ ತಿಳಿಗಣ್ಣು ತೆರೆದುಕೊಂಡು, ಕೈಯಲ್ಲಿ ಒಂದು ಡಬ್ಬಿ ಶಾವಿಗೆ ಹಿಡಿದು ಬಂದು ಕಟ್ಟೆಯ ಮೇಲೆ ಕುಳಿತಳು.

“ಅಕ್ಕಾರ, ಆಗಿನ ಔಷಧಕ್ಕಿಂತ ಇದು ಭಾಳ ಛಲೋ ಐತಿ ನೋಡ್ರಿ,” ಎಂದಳು. “ಮೊದಲ ಇದನ್ನ ಯಾಕ ಹಾಕಲಿಲ್ರಿ?”