ಮೂರನೇ ವಾರದ ಗಣಿತ

ಮೂರನೇ ವಾರದ ಗಣಿತದ ಚೌಕ ಮಾತ್ರ ಇನ್ನೂ ಖಾಲಿ ಇತ್ತು. ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮೇಲೆ ಪಾಠಯೋಜನೆಯ ಹಾಳೆ ಹರಡಿಕೊಂಡು ಕುಳಿತಿದ್ದ ನಾಲ್ಕನೇ ತರಗತಿಯ ಟೀಚರಿಗೆ ಆ ಚೌಕ ನೋಡಿದಷ್ಟೂ ತಲೆ ಕೆಡುತ್ತಿತ್ತು. ಹಾಳೆ ಆಗಲೇ ಎರಡು ಸಲ ಹೆಡ್‌ಮಿಸ್ಟ್ರೆಸ್ ಹತ್ತಿರದಿಂದ ವಾಪಸು ಬಂದಿತ್ತು. ಕೆಲಸ ಕಾಯಂ ಆಗಬೇಕಾದ ವರ್ಷ ಬೇರೆ. ನಾಳೆ ಬೆಳಿಗ್ಗೆ ಮೂರನೇ ಸಲವೂ ವಾಪಸು ಬಂದರೆ ದೇವರೇ ಗತಿ.

ಈ ಅವಧಿಯ ಪಾಠಗಳೆಲ್ಲ ‘ಯುದ್ಧಕಾಲದ ಜನಜೀವನ’ದ ಸುತ್ತಲೇ ಇರಬೇಕೆಂದು ಹೆಡ್‌ಮಿಸ್ಟ್ರೆಸ್ ಅವರ ಅಪ್ಪಣೆಯಾಗಿತ್ತು. ಭಾಷೆ, ವಿಜ್ಞಾನ, ಗಣಿತ, ಕೊನೆಗೆ ಆಟವೂ ಅದರೊಳಗೇ ಬರಬೇಕು. ಮಕ್ಕಳು ಹೆದರಬಾರದು, ಆದರೆ ಯುದ್ಧ ತಮಾಷೆ ಅನ್ನಿಸಲೂಬಾರದು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಡ್ರಾಯಿಂಗ್ ಮೇಷ್ಟ್ರು ರಟ್ಟಿನಲ್ಲಿ ವಿಷಾನಿಲ ತಡೆಯುವ ಮುಖವಾಡ ಮಾಡಿಸುತ್ತೇನೆ ಎಂದರೆ, ಡ್ರಿಲ್ ಮೇಷ್ಟ್ರು ಸೈರನ್ ಊದಿ ಎಲ್ಲರನ್ನೂ ಬೆಂಚಿನಡಿ ಮಲಗಿಸುತ್ತೇನೆ ಎಂದು ಹಟ ಹಿಡಿದಿದ್ದರು. ಇಬ್ಬರಿಗೂ ಹೂಂ ಅಂದು ಬಂದವಳಿಗೆ ಈಗ ತಾನೇನು ಮಾಡಬೇಕೆಂಬುದೇ ತಿಳಿಯದಾಗಿತ್ತು.

ಮೂರನೇ ವಾರಕ್ಕೆಂದು ಅವಳೇ ಒಂದು ಆಟ ಕಟ್ಟಿದ್ದಳು. ಹೆಸರು ‘ಒಂದೇ ಚೀಲ’. ಊರು ಬಿಟ್ಟು ಹೊರಡುವವರು ಇಪ್ಪತ್ತು ಸಾಮಾನಿನ ಪಟ್ಟಿಯಲ್ಲಿ ಹತ್ತನ್ನು ಆರಿಸಿ, ಚೀಲಕ್ಕೆ ತುಂಬಿ, ಮೈದಾನದ ಈ ತುದಿಯಿಂದ ಆ ತುದಿಗೆ ಓಡಬೇಕು. ತೂಕ ಐದು ಕಿಲೋ ಮೀರಕೂಡದು. ಅದನ್ನು ಕೂಡಿಸುವುದೇ ಗಣಿತ. ಆದರೆ ಯಾವ ಹತ್ತನ್ನು ಕೂಡಿಸಿದರೂ ಏಳಕ್ಕಿಂತ ಕಡಿಮೆ ಬರುತ್ತಿರಲಿಲ್ಲ. ಕಂಬಳಿ ತೆಗೆದರೆ ಚಳಿ, ಪಾತ್ರೆ ತೆಗೆದರೆ ಹಸಿವು. ಅಳಿಸಿ ಅಳಿಸಿ ಹಾಳೆ ತೂತು ಬೀಳುವುದೊಂದು ಬಾಕಿ.

ಅಷ್ಟರಲ್ಲಿ ಅತ್ತೆ ಅಂಗಡಿಯಿಂದ ಬಂದರು. ಎಂದಿನಂತೆ ತುಂಬಿದ ಚೀಲ ಬಲಗೈಯಲ್ಲೇ ಜೋತಾಡುತ್ತಿತ್ತು, ಎಡಗೈ ಖಾಲಿ. ಎಷ್ಟೇ ಭಾರವಿರಲಿ, ಆ ಕೈಗೆ ಅವರು ಏನನ್ನೂ ಕೊಡುವವರಲ್ಲ. “ಇವಳ ಎಡಗೈಗೆ ವರ್ಷಪೂರ್ತಿ ರಜ” ಎಂದು ಮಾವ ಇದ್ದಷ್ಟು ದಿನ ಗೇಲಿ ಮಾಡುತ್ತಿದ್ದರು. ಮಗ ಮೂಳೆ ಡಾಕ್ಟರಿಗೂ ತೋರಿಸಿದ್ದ; ಕೈಗೇನೂ ಆಗಿಲ್ಲ, ಕಲ್ಲಿನ ಹಾಗೆ ಗಟ್ಟಿಯಾಗಿದೆ ಎಂದು ಅವರು ವಾಪಸು ಕಳಿಸಿದ್ದರು. ಪಾಠಕ್ಕೆ ಬೇಕಾದ ಆ ಯುದ್ಧ ಮುಗಿದಾಗ ಅತ್ತೆಗೆ ಒಂಬತ್ತು ವರ್ಷ; ಅದನ್ನು ಕಣ್ಣಾರೆ ಕಂಡವರು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತಲ್ಲ ಎಂದು ಸೊಸೆಗೆ ನಗು ಬಂತು. ಯುದ್ಧದ ಮಾತು ತೆಗೆದರೆ ‘ಏನೂ ನೆನಪಿಲ್ಲ’ ಎಂದು ಎದ್ದು ಹೋಗುವವರೆಂಬುದು ಗೊತ್ತಿದ್ದರಿಂದ, ಪ್ರಶ್ನೆ ಕೇಳದೆ ಪಟ್ಟಿಯನ್ನೇ ಮುಂದಿಟ್ಟು, ಸುಮ್ಮನೆ ಹತ್ತಕ್ಕೆ ಗುರುತು ಹಾಕಿಕೊಡಿ ಎಂದಳು.

ಅತ್ತೆ ಕನ್ನಡಕ ಏರಿಸಿಕೊಂಡು ಪರೀಕ್ಷೆ ಬರೆಯುವವರ ಹಾಗೆ ಕುಳಿತರು. ಕಂಬಳಿ, ಬೆಂಕಿಪೊಟ್ಟಣ, ಕೆಟಲ್. ಮೂರಕ್ಕೆ ಗುರುತು ಹಾಕಿ ಪೆನ್ಸಿಲ್ ಕೆಳಗಿಟ್ಟರು.

“ಹತ್ತು ಬೇಕು ಅತ್ತೆ.”

“ಒಂದು ಕೈಗೆ ಇಷ್ಟೇ ಹಿಡಿಯೋದು.”

“ಎರಡು ಕೈ ಇದೆಯಲ್ಲ?”

“ಇನ್ನೊಂದು ತಮ್ಮನಿಗೆ.”

ಸೊಸೆಗೆ ಅರ್ಥವಾಗಲಿಲ್ಲ. ಅತ್ತೆಗೆ ತಮ್ಮನೇ ಇಲ್ಲ. ಇದ್ದವಳು ಒಬ್ಬಳೇ ತಂಗಿ. ಲೆಕ್ಕ ತಪ್ಪುತ್ತಿರುವುದು ಯಾರದೆಂದು ತಿಳಿಯದೆ ಅವರ ಮುಖ ನೋಡಿದಳು. ಅತ್ತೆ ಚೀಲದ ತರಕಾರಿ ತೆಗೆದಿಡುತ್ತ, ಬೇರೆ ಯಾರದೋ ಮನೆಯ ಸುದ್ದಿ ಹೇಳುವ ಹಾಗೆ ಹೇಳಿದರು. ಊರು ಬಿಟ್ಟಾಗ ಅವನಿಗೆ ನಾಲ್ಕು ವರ್ಷ. ಅಮ್ಮ ಹಸುಗೂಸನ್ನೂ ದೊಡ್ಡ ಗಂಟನ್ನೂ ಹೊತ್ತು ಮುಂದೆ ಹೋಗುತ್ತಿದ್ದಳು. ಇವರ ಬಲಗೈಯಲ್ಲಿ ಸಣ್ಣ ಗಂಟು, ಎಡಗೈಯಲ್ಲಿ ತಮ್ಮ. ಸೇತುವೆಯ ಮೇಲೆ ಕಾಲಿಡಲು ಜಾಗವಿಲ್ಲದಷ್ಟು ಜನ. ಹಗ್ಗ ಒತ್ತಿ ಬೆರಳು ಉರಿಯತೊಡಗಿತೆಂದು ಒಂದೇ ಒಂದು ಗಳಿಗೆ ಗಂಟನ್ನು ಎಡಗೈಗೆ ಬದಲಾಯಿಸಿದರಂತೆ. ಮತ್ತೆ ಕೈ ಚಾಚಿದಾಗ ಅಲ್ಲಿ ಅವನಿರಲಿಲ್ಲ.

ಇಷ್ಟು ವರ್ಷ ಆ ಕೈಯನ್ನು ಆಡಿಕೊಂಡು ನಕ್ಕಿದ್ದವರಲ್ಲಿ ಸೊಸೆಯೂ ಒಬ್ಬಳು. ಅದರ ಜೊತೆಗೇ, ನಾಚಿಕೆಗೆಟ್ಟ ಹಾಗೆ, ನಾಳಿನ ಹಾಳೆಯೂ ನೆನಪಾಯಿತು. ಇದು ಇತಿಹಾಸದ ಚೌಕಕ್ಕೆ ಸೇರುತ್ತದೆಯೇ, ಯಾವ ಚೌಕಕ್ಕೂ ಸೇರಬಾರದೇ? ಅವಳಿಗೆ ದಿಕ್ಕು ತೋಚಲಿಲ್ಲ. ಈ ಆಟವನ್ನೇ ಕೈಬಿಡುತ್ತೇನೆ ಎಂದಳು.

“ಯಾಕೆ ಬಿಡ್ತೀಯ? ಆಡಿಸು,” ಎಂದರು ಅತ್ತೆ. “ಆದ್ರೆ ಓಡಿಸ್ಬೇಡ. ಒಂದು ಕೈಲಿ ಚೀಲ, ಇನ್ನೊಂದ್ರಲ್ಲಿ ಜೊತೆಯವ್ರ ಕೈ. ಹೊರಡೋವಾಗ ಎಷ್ಟು ಜನ ಅಂತ ಎಣಿಸು, ಆ ಕಡೆ ಸೇರಿದ ಮೇಲೆ ಇನ್ನೊಂದ್ಸಲ ಎಣಿಸು.”

ಎಣಿಸುವುದು ಒಂದನೇ ತರಗತಿಯ ಪಾಠ; ಹೆಡ್‌ಮಿಸ್ಟ್ರೆಸ್ ಖಂಡಿತ ಒಪ್ಪುವವರಲ್ಲ. ಆದರೂ ಅವಳು ಗಣಿತದ ಚೌಕದಲ್ಲಿ ‘ಎಣಿಕೆ, ಎರಡು ಸಲ’ ಎಂದು ಬರೆದಳು. ಬರೆದ ಮೇಲೆ ತಡೆಯಲಾಗದೆ ಕೇಳಿದಳು, “ನಿಮ್ಮಮ್ಮನೂ ಹಾಗೇ ಎಣಿಸಿದ್ರಾ ಅತ್ತೆ?”

“ಹೊರಡೋವಾಗ ಎಣಿಸಿದ್ಳು.” ಅತ್ತೆ ಖಾಲಿ ಚೀಲ ಮಡಿಸಿ ಮೊಳೆಗೆ ಸಿಕ್ಕಿಸಿದರು. “ಆ ಕಡೆ ಸೇರಿದ ಮೇಲೆ ಎಣಿಸ್ಲಿಲ್ಲ. ನನ್ನ ಎಡಗೈ ನೋಡಿದ್ಳು, ಅಷ್ಟೇ.”