ಲೆಂಪಿಯ ಕಡುಬು

ಟ್ರಾಕ್ಟರಿನ ಬಕೆಟ್ಟು ಹಿಮದ ರಾಶಿಯಿಂದ ಎತ್ತಿ ತಂದದ್ದು ನಾಲ್ಕು ಫಾಯಿಲ್ ಪೊಟ್ಟಣಗಳನ್ನು. ರೇನೊ ಗಕ್ಕನೆ ಬ್ರೇಕ್ ಒತ್ತಿದ.

ನೆರೆಮನೆ ಮುದುಕಿ ಲೆಂಪಿಯ ಉದ್ದನೆಯ ದಾರಿಯ ಹಿಮ ತೆಗೆಯುವುದು ಅವನೇ. ಅದಕ್ಕೆ ದುಡ್ಡು ಕೊಟ್ಟರೆ ಅವಮಾನ; ಪ್ರತಿಸಲ ಅವಳು ಕೊಡುವುದು ಫಾಯಿಲ್‌ನಲ್ಲಿ ಸುತ್ತಿದ ಒಂದು ಬಿಸಿ ಮಾಂಸದ ಕಡುಬು. ಅದರಲ್ಲಿ ಅವಳ ಬೆಕ್ಕಿನ ಕೂದಲು ಕಂಡಂದಿನಿಂದ ಕಡುಬನ್ನು ತಿನ್ನದೆ ರಾಶಿಗೆಸೆದು ಮೇಲೆ ಹಿಮ ತಳ್ಳುತ್ತಿದ್ದ. ಇವತ್ತು ದಾರಿ ಅಗಲ ಮಾಡಲು ಆ ರಾಶಿಯನ್ನೇ ಬಗೆದಿದ್ದ.

"ಇವು ನನ್ನವೇ ಅಲ್ವೇನೋ?" ಇವತ್ತಿನ ಬಿಸಿ ಕಡುಬನ್ನು, ಐದನೆಯದನ್ನು, ಹಿಡಿದು ಬಂದಿದ್ದ ಲೆಂಪಿ ಕೇಳಿದಳು.

"ನರಿಗೆ ಅಂತ ಇಟ್ಟಿದ್ದೆ, ಅಜ್ಜಿ."

"ನರೀನೂ ಮುಟ್ಟಿಲ್ವಲ್ಲೋ." ಅವಳು ಕೈಯಲ್ಲಿದ್ದುದನ್ನು ಕೋಟಿನೊಳಗೆ ಅಡಗಿಸಿಕೊಂಡಳು.

ರೇನೊ ಕೆಳಗಿಳಿದು ಅದನ್ನು ಇಸಿದುಕೊಂಡ; ಅವಳೆದುರೇ ಕಚ್ಚಿದ.

"ಉಪ್ಪು ಸರಿಯಿದೆಯೇನೋ?"

ಕೂದಲು ನಾಲಿಗೆಗೆ ಸುತ್ತಿಕೊಂಡಿತು. ನುಂಗಿ, ತಲೆಯಾಡಿಸಿದ.